ನುಂಗದ ಮುನಿಯಪ್ಪ, ನುಂಗಿದ ಜಬೀನ್

ಔಷಧ ಕಾರ್ಖಾನೆಯ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಮೂವರು ಹುಡುಗಿಯರು ಈಚೆಗೆ ನಮ್ಮ ಮನೆಗೆ ಬಂದಿದ್ದರು. "ನಿಮ್ಮ ಕಾಲದಲ್ಲಿ ಬಯೋಅವೈಲಬಿಲಿಟಿ ಹೇಗೆ ನೋಡ್ತಿದ್ರಿ ಮೇಡಂ?" ಎಂದು ಒಬ್ಬಳು ಕೇಳಿದಳು. "ಬಾಟಲಿಯಲ್ಲಿ" ಎಂದೆ. ಅವರು ನಕ್ಕರು. ಆ ದಿನ ಅವರಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಕೇಳುವವರಿಗೆ ಇದು ಉಪಯೋಗಕ್ಕೆ ಬಾರದು. ನಾನೊಂದು ತಪ್ಪು ವರದಿ ಬರೆದೆ. ಅದು ತಪ್ಪೆಂದು ಒಪ್ಪಿಕೊಳ್ಳುವುದಕ್ಕೂ ಜಗಳವಾಡಬೇಕಾಯಿತು. ಹೇಳಬೇಕಾದದ್ದು ಅಷ್ಟೇ.

ಮೊದಲು ವಿಷಯ ಸ್ಪಷ್ಟವಾಗಲಿ. ಮಾತ್ರೆಯಲ್ಲಿ ಎಷ್ಟು ಔಷಧ ಇದೆ ಎಂಬುದು ಒಂದು ಪ್ರಶ್ನೆ. ಅದರಲ್ಲಿ ಎಷ್ಟು ರಕ್ತಕ್ಕೆ ಸೇರುತ್ತದೆ, ಎಷ್ಟು ಬೇಗ ಸೇರುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಈ ಎರಡನೆಯದನ್ನು ಜೈವಿಕ ಲಭ್ಯತೆ ಎನ್ನುತ್ತಾರೆ. ಆಗ ಆರ್.ಟಿ. ನಗರದಲ್ಲಿ ಮನೆ ಮಾಡಿದ್ದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಟ್ಯಾಂಕು ತುಂಬಿದೆ ಎಂದು ನೀರು ಬಿಡುವವನು ಆಣೆ ಮಾಡುತ್ತಿದ್ದ, ನಮ್ಮ ನಲ್ಲಿಯಲ್ಲಿ ಬರೀ ಗಾಳಿ ಬರುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಮಾತ್ರೆಗಳ ಬಗ್ಗೆಯೂ ಮೇಲಿನವರು ಕೇಳುತ್ತಿದ್ದದ್ದು ಟ್ಯಾಂಕಿನ ವಿಚಾರ ಮಾತ್ರ. ಮಾತ್ರೆಯನ್ನು ಪಿಂಗಾಣಿ ಕಲ್ವದಲ್ಲಿ ನುಣ್ಣಗೆ ಅರೆದು, ಆಮ್ಲದಲ್ಲಿ ಕರಗಿಸಿ, ಔಷಧ ಪೂರ್ತಿ ಇದೆ ಎಂದು ಬರೆದರೆ ಮುಗಿಯಿತು. ಅರೆಯುವ ಕೆಲಸ ನಾವು ಮಾಡುತ್ತಿದ್ದೆವು. ರೋಗಿಯ ಹೊಟ್ಟೆಯಲ್ಲಿ ಕಲ್ವ ಇರುವುದಿಲ್ಲ.

ನಮ್ಮ ಕಾರ್ಖಾನೆ ಯಶವಂತಪುರ ದಾಟಿ, ತುಮಕೂರು ರಸ್ತೆಯ ಬದಿಗೆ ಇತ್ತು. ಪ್ರಯೋಗಾಲಯದಲ್ಲಿ ನಾನೊಬ್ಬಳೇ ಹೆಂಗಸು. ಮುಖ್ಯಸ್ಥರು ಸದಾಶಿವಯ್ಯ. ಕಡಿಮೆ ಮಾತಿನವರು, ಬ್ಯೂರೆಟ್ಟಿನ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವವರು. ನಾನು ಸೇರಿದ ಮೊದಲ ವಾರ ಒಂದು ಅಂಕಿಯನ್ನು ರಬ್ಬರಿನಿಂದ ಅಳಿಸಿದ್ದಕ್ಕೆ, ಆ ರಬ್ಬರನ್ನು ಕಿಟಕಿಯಿಂದ ಆಚೆ ಎಸೆದಿದ್ದರು. "ತಪ್ಪಾದ್ರೆ ಒಂದು ಗೆರೆ ಎಳೀರಿ ವಿಮಲಾ. ಕೆಳಗಿನದು ಓದೋ ಹಾಗಿರ್ಬೇಕು" ಎಂದಿದ್ದರು. ಯಾವ ಕಾನೂನೂ ಕೇಳದಿದ್ದರೂ ಮೂತ್ರದ ಪರೀಕ್ಷೆಯನ್ನು ನಮ್ಮಲ್ಲಿ ಶುರು ಮಾಡಿದವರು ಅವರೇ.

ಆ ಪರೀಕ್ಷೆ ಹೀಗೆ. ನಮ್ಮ ಮುಖ್ಯ ಮಾತ್ರೆ ಸೋಂಕಿಗೆ ಕೊಡುವ ಒಂದು ಸಲ್ಫಾ ಔಷಧ. ಅದು ರಕ್ತಕ್ಕೆ ಸೇರಿದರೆ, ಹೆಚ್ಚುಕಡಿಮೆ ಅಷ್ಟೂ ಎರಡು ಮೂರು ದಿನದಲ್ಲಿ ಮೂತ್ರದಲ್ಲಿ ಹೊರಬರುತ್ತದೆ. ಹಸಿದ ಹೊಟ್ಟೆಯಲ್ಲಿ ಆರು ಜನರಿಗೆ ಎರಡೆರಡು ಮಾತ್ರೆ ನುಂಗಿಸುವುದು, ಮೂರು ದಿನದ ಅವರ ಮೂತ್ರವನ್ನೆಲ್ಲ ಬಾಟಲಿಗಳಲ್ಲಿ ಹಿಡಿಸುವುದು, ಆಮ್ಲ ಹಾಕಿ ಕುದಿಸಿ, ಬಣ್ಣ ಬರಿಸುವ ದ್ರವ ಸೇರಿಸುವುದು. ಔಷಧ ಇದ್ದರೆ ಗುಲಾಬಿ ಬಣ್ಣ. ಹೆಚ್ಚಿದ್ದಷ್ಟೂ ಬಣ್ಣ ಗಾಢ. ಆ ಗಾಢತೆಯನ್ನು ಕಲರಿಮೀಟರ್ ಮುಳ್ಳು ತೋರಿಸುತ್ತಿತ್ತು. ನುಂಗಿದ್ದರಲ್ಲಿ ಎಷ್ಟು ಹೊರಬಂತು ಎಂದು ನೋಡಿದರೆ, ಎಷ್ಟು ಒಳಗೆ ಸೇರಿತ್ತು ಎಂಬುದು ತಿಳಿಯುತ್ತಿತ್ತು.

ಆ ಆರು ಜನ ಎಲ್ಲಿಂದ ಬರಬೇಕು? ಆಫೀಸಿನವರು ನಾಚಿಕೆಯಿಂದ ಒಪ್ಪುತ್ತಿರಲಿಲ್ಲ. ಪುಡಿ ಬೆರೆಸುವ ಕೋಣೆಯ ಕೆಲಸಗಾರರಿಗೆ ಅವರ ಸೂಪರ್‌ವೈಸರ್ ಹೇಳಿದರೆ ಸಾಕು, ಬಂದು ಸಾಲಾಗಿ ನಿಲ್ಲುತ್ತಿದ್ದರು. ಒಪ್ಪಿಗೆ ಪತ್ರ ಇರಲಿಲ್ಲ, ಸಮಿತಿ ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಒಂದು ಮಸಾಲೆದೋಸೆ. ಇವತ್ತು ನೀವು ಹಾಗೆ ಮಾಡಿದರೆ ಜೈಲಿಗೆ ಹೋಗುತ್ತೀರಿ. ಹೋಗಲೇಬೇಕು.

ಅವರಲ್ಲಿ ಮುನಿಯಪ್ಪ ಎಂಬವರು ಬಾಗಲಗುಂಟೆಯವರು. ನನಗಿಂತ ಹತ್ತು ವರ್ಷ ದೊಡ್ಡವರು. ಮನೆಯಲ್ಲಿ ತುಂಬಿದ ಬಾಟಲಿಗಳನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಸಿಟಿ ಬಸ್ಸಿನಲ್ಲಿ ಬರುವಾಗ ಒಮ್ಮೆ ಕಂಡಕ್ಟರ್ ಹಿಡಿದನಂತೆ.

"ಏನ್ ಗುರು ಇದು, ಎಣ್ಣೆನಾ? ಲಗೇಜ್ ಟಿಕೆಟ್ ತಗೋ."

"ಕಸಾಯ ಕಣಣ್ಣೋ."

"ಯಾವುದಕ್ಕೆ?"

"ಸಕ್ಕರೆ ಕಾಯ್ಲೆಗೆ."

"ಹೌದಾ? ನಮ್ಮತ್ತೆಗೂ ಇದೆ ಕಣೋ. ಒಂದು ಬಾಟ್ಲಿ ಕೊಟ್ಟೋಗು."

"ಎಂಗೋ ತಪ್ಪಿಸ್ಕೊಂಡು ಬಂದೆ ಮೇಡಂ. ಇಲ್ದಿದ್ರೆ ಅವ್ರತ್ತೆ ಗತಿ ಏನಾಗ್ತಿತ್ತೋ!" ಎಂದು ಮುನಿಯಪ್ಪ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಹೇಳಿದಾಗ ಸದಾಶಿವಯ್ಯನವರೂ ನಕ್ಕಿದ್ದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಲಾರಿಯಲ್ಲಿ ದೂರದ ಊರುಗಳಿಗೆ ಹೋಗುವಷ್ಟರಲ್ಲಿ ಮಾತ್ರೆಗಳು ಪುಡಿಯಾಗುತ್ತವೆ ಎಂದು ದೂರು ಬಂದಿತ್ತು. ವರ್ಕ್ಸ್ ಮ್ಯಾನೇಜರ್ ಮಾತ್ರೆಯನ್ನು ಹೆಚ್ಚು ಬಿಗಿಯಾಗಿ ಒತ್ತಿಸಿದರು. ಅಚ್ಚಿಗೆ ಅಂಟದಿರಲೆಂದು ಜಾರುವ ಬಿಳಿ ಪುಡಿಯನ್ನೂ ಹೆಚ್ಚಿಸಿದರು. ಮೇಣದಂತೆ ನೀರನ್ನು ದೂರ ತಳ್ಳುವ ಪುಡಿ ಅದು. ಹೊಸ ಮಾತ್ರೆ ಚೆಂದವಾಗಿತ್ತು, ಹೊಳೆಯುತ್ತಿತ್ತು, ಮೇಜಿನ ಮೇಲೆ ಬಿದ್ದರೆ ಟಣ್ಣೆನ್ನುತ್ತಿತ್ತು. ನೀರಿನಲ್ಲಿ ಏರಿಳಿಯುವ ಪರೀಕ್ಷೆಯ ಬುಟ್ಟಿಯಲ್ಲಿ ನಿಗದಿತ ವೇಳೆಯೊಳಗೆ ಒಡೆಯುತ್ತಲೂ ಇತ್ತು. ಒಡೆದು ರವೆಯಂತೆ ತಳದಲ್ಲಿ ಕೂತಿತು. ಅದು ಕರಗಲಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡೆ. ಮೂತ್ರದ ಪರೀಕ್ಷೆಯಲ್ಲಿ ತಿಳಿಯುತ್ತದೆಯಲ್ಲ ಎಂದು ಮುಂದಕ್ಕೆ ಹೋದೆ.

ಮಾತ್ರೆ ನುಂಗುವ ಮುಂಚೆ ಪ್ರತಿಯೊಬ್ಬರ ಒಂದು ಬಾಟಲಿ ಹಿಡಿಯಬೇಕು. ಅದರಲ್ಲಿ ಔಷಧ ಇರುವುದಿಲ್ಲವಾದ್ದರಿಂದ ಅದೇ ಅವರವರ ಸೊನ್ನೆ. ಉಳಿದದ್ದನ್ನೆಲ್ಲ ಅದರಿಂದ ಮೇಲಕ್ಕೆ ಅಳೆಯಬೇಕು. ಆ ಬಾಟಲಿಯನ್ನು ಕಾರ್ಖಾನೆಯಲ್ಲೇ ತುಂಬಿಸಬೇಕಿತ್ತು. ಪಾಯಿಖಾನೆ ಇದ್ದದ್ದು ಹಿಂದುಗಡೆ, ಪ್ಯಾಕಿಂಗ್ ಹೆಂಗಸರು ಕೂರುವ ಸಾಲಿನ ಎದುರಿಗೆ. "ಆ ಹೆಂಗಸ್ರ ಮುಂದೆ ಬಾಟ್ಲಿ ಇಡ್ಕೊಂಡು ಓಗೋಕಾಗಲ್ಲ ಮೇಡಂ, ಇದೊಂದು ಬಿಟ್ಬಿಡಿ" ಎಂದು ಎಲ್ಲರೂ ಬೇಡಿಕೊಂಡರು. ನನಗೂ ಸಂಕೋಚ. ಸರಿ ಎಂದೆ. ಔಷಧ ತಿನ್ನದವರ ಮೂತ್ರ ಯಾರದ್ದಾದರೇನು ಎಂದು ನನ್ನದನ್ನೇ ಆರು ಜನರಿಗೂ ಸೊನ್ನೆಯಾಗಿ ಇಟ್ಟುಕೊಂಡೆ.

ನುಂಗುವಾಗಲೂ ನಾನು ಅವರ ಬಾಯಿ ನೋಡಲಿಲ್ಲ. ಕಂದು ಲಕೋಟೆಯಲ್ಲಿ ಎರಡೆರಡು ಮಾತ್ರೆ ಕೊಟ್ಟು, ನೀರಿನ ಲೋಟ ಕೊಟ್ಟು, ತಿರುಗಿಕೊಂಡು ಪುಸ್ತಕದಲ್ಲಿ ವೇಳೆ ಬರೆದೆ.

ಫಲಿತಾಂಶ ಚೆನ್ನಾಗಿಯೇ ಬಂತು. ಹಳೆಯ ಮಾತ್ರೆಗೆ ಹೆಚ್ಚುಕಡಿಮೆ ಸಮ. ಮುನಿಯಪ್ಪನವರ ಬಾಟಲಿಗಳ ಬಣ್ಣ ಮಾತ್ರ ತಿಳಿಯಾಗಿತ್ತು. "ಮೂರನೆಯ ವ್ಯಕ್ತಿ: ನಿಧಾನವಾಗಿ ಹೀರುವ ದೇಹ" ಎಂದು ಪಕ್ಕದಲ್ಲಿ ಬರೆದೆ. ಬರೆದಾಗ ಹೆಮ್ಮೆಯೂ ಆಯಿತು. ಸದಾಶಿವಯ್ಯ ಓದಿ ಸಹಿ ಮಾಡಿದರು. ಹೊಸ ಮಾತ್ರೆ ಮಾರುಕಟ್ಟೆಗೆ ಹೋಯಿತು.

ಕೆಲವು ತಿಂಗಳ ನಂತರ ಒಂದು ಭಾನುವಾರ ರಶೀದ್ ಭಾಯ್ ಮನೆಗೆ ಬಂದರು. ಆರ್.ಟಿ. ನಗರದ ನಮ್ಮ ಬೀದಿಯ ತುದಿಯಲ್ಲಿ ಅವರದು ಔಷಧದ ಅಂಗಡಿ. ಜೊತೆಯಲ್ಲಿ ಮಗಳು ಜಬೀನ್. ಟೀಚರ್ ಟ್ರೈನಿಂಗ್ ಓದುತ್ತಿದ್ದಳು. ಅವಳಿಗೆ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದಿತ್ತು. ಗಂಟಲು ನೋವಿನಿಂದ ಶುರುವಾಗಿ, ಕೀಲುಗಳಿಗೆ ಇಳಿದು, ಕೊನೆಗೆ ಹೃದಯದ ಕವಾಟವನ್ನು ಹಿಡಿಯುವ ಜ್ವರ. ಮತ್ತೆ ಬಾರದಂತೆ ತಡೆಯಲು ಪೆನಿಸಿಲಿನ್ ಚುಚ್ಚುತ್ತಾರೆ. ಅದು ಅವಳ ಮೈಗೆ ಆಗುತ್ತಿರಲಿಲ್ಲ. ಅದಕ್ಕೆ ಬದಲಾಗಿ ದಿನಾ ಎರಡು ನಮ್ಮ ಸಲ್ಫಾ ಮಾತ್ರೆ. ಈಗ ಅವಳು ಕುಂಟುತ್ತಿದ್ದಳು. ಮೊಣಕಾಲು ಊದಿತ್ತು.

"ಜ್ವರ ಮತ್ತೆ ಬಂದೈತೆ ವಿಮಲಕ್ಕ" ಎಂದರು ರಶೀದ್ ಭಾಯ್. "ಎದೇಲಿ ಶಬ್ದ ಬೇರೆ ಕೇಳಿಸ್ತೈತೆ ಅಂದ್ರು ಡಾಕ್ಟರ್. ಮಾತ್ರೆ ಸರಿಯಾಗಿ ತಗೊಂಡಿಲ್ಲ ಅಂತ ಚೀಟೀಲೂ ಬರ್ದವ್ರೆ. ನಾನು ಕೇಳಿ ಕೇಳಿ ಸಾಕಾದೆ. ನೀವಾದ್ರೂ ಕೇಳಿ."

"ದಿನಾ ತಗೋತಿದ್ದೀಯೇನಮ್ಮ?" ಎಂದೆ.

"ತಗೋತಿದ್ದೀನಿ ಆಂಟಿ."

"ಸರಿಯಾಗಿ?"

"ಮಾತ್ರೆನ ತಪ್ಪಾಗಿ ಹೇಗೆ ನುಂಗೋದು ಆಂಟಿ? ತೋರಿಸಿ, ಕಲೀತೀನಿ."

ರಶೀದ್ ಭಾಯ್ ಗದರಿದರು. ಮಾತ್ರೆ ಸರಿಯಿದೆ ಎಂದು ನಾನೇ ಅಳೆದು ಬರೆದಿದ್ದೆ. ಹಾಗಿದ್ದ ಮೇಲೆ ಹುಡುಗಿಯೇ ಸುಳ್ಳು ಹೇಳುತ್ತಿರಬೇಕು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮುಖದಲ್ಲಿ ಅವಳು ಅದನ್ನು ಓದಿಕೊಂಡಳು.

ಅದಾದ ಸ್ವಲ್ಪ ದಿನಕ್ಕೆ, ಊಟದ ಹೊತ್ತು ಮುಗಿಯುತ್ತಿದ್ದಾಗ, ಮುನಿಯಪ್ಪ ಪ್ರಯೋಗಾಲಯಕ್ಕೆ ಬಂದರು. ಕೈಯಲ್ಲಿ ಮಡಿಸಿದ ಕಂದು ಲಕೋಟೆ.

"ಮೇಡಂ, ನಮ್ಮ ಮಗೀಗೆ ಗಂಟ್ಲು ನೋವು. ಇವೆರಡು ಇಟ್ಕೊಂಡಿದ್ದೆ. ಕೊಡ್ಬೌದಾ?"

ಲಕೋಟೆಯ ಮೇಲೆ ನನ್ನ ಕೈಬರಹ ಇತ್ತು. "ಮೂರನೆಯ ವ್ಯಕ್ತಿ." ಒಳಗೆ ಎರಡು ಮಾತ್ರೆ.

"ಇವು ನಿಮ್ಮ ಹತ್ರ ಹೇಗಿವೆ ಮುನಿಯಪ್ಪನವರೇ? ಅವತ್ತು ನನ್ನ ಎದುರಿಗೇ ನುಂಗಿದ್ರಲ್ಲ."

"ನೀರು ಕುಡ್ದೆ ಮೇಡಂ. ಮಾತ್ರೆ ಅಂಗೈಯಾಗೇ ಇತ್ತು. ಬೈಬ್ಯಾಡಿ."

"ಯಾಕೆ ನುಂಗ್ಲಿಲ್ಲ?"

"ದಿನಾ ಎಲ್ಲ ಅದ್ರ ದೂಳೇ ಕುಡೀತೀನಿ. ಉಗುದ್ರೆ ಬೆಳ್ಳಗೆ ಬತ್ತದೆ. ಮತ್ತೆ ನುಂಗೋದು ಬ್ಯಾರೆ ಯಾಕೆ, ಮನೇಲಿ ಯಾರಿಗಾದ್ರೂ ಆಯ್ತದೆ ಅಂತ ಇಟ್ಕೊಂಡೆ. ಬಾಟ್ಲಿ ಮಾತ್ರ ಒಂದೂ ತಪ್ಪಿಸಿಲ್ಲ. ಬೇಕಾದ್ರೆ ಪುಸ್ತಕ ನೋಡಿ."

ಮಗುವನ್ನು ಡಾಕ್ಟರಿಗೆ ತೋರಿಸಿ, ಈ ಮಾತ್ರೆ ಕೊಡಬೇಡಿ ಎಂದು ಹೇಳಿ ಕಳಿಸಿದೆ. ಆಮೇಲೆ ಪುಸ್ತಕ ತೆಗೆದೆ. ಏನನ್ನೂ ನುಂಗದ ಮನುಷ್ಯನ ಬಾಟಲಿಗಳಲ್ಲಿ ಗುಲಾಬಿ ಬಣ್ಣ ಬಂದಿತ್ತು. ಅದಕ್ಕೆ ನಾನು ಒಂದು ವಿವರಣೆಯನ್ನೂ ಹುಟ್ಟಿಸಿ ಬರೆದಿದ್ದೆ.

ಮಾರನೆಯ ದಿನ ಬೆಳಿಗ್ಗೆ, ಯಾರಿಗೂ ಯಾವ ಮಾತ್ರೆಯನ್ನೂ ಕೊಡದೆ, ಆ ಆರು ಜನರಿಂದಲೂ ಒಂದೊಂದು ಬಾಟಲಿ ಕೇಳಿ ಪಡೆದೆ. ಹಿಂದೆ ಬಿಟ್ಟಿದ್ದ ಅದೇ ಬಾಟಲಿ. ಪಕ್ಕದಲ್ಲಿ ನನ್ನದು. ಬಣ್ಣದ ದ್ರವ ಹಾಕಿದೆ. ನನ್ನ ನಳಿಕೆ ಬಣ್ಣವಿಲ್ಲದೆ ನಿಂತಿತು. ಉಳಿದ ಆರೂ ಒಂದೊಂದಾಗಿ ಗುಲಾಬಿಯಾದವು.

ಹಳೆಯ ಮಾತ್ರೆಯನ್ನು ಸದಾಶಿವಯ್ಯನವರು ಪರೀಕ್ಷಿಸಿದ್ದ ದಿನಗಳಲ್ಲಿ ಬೆರೆಸುವ ಕೋಣೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ತಯಾರಾಗುತ್ತಿತ್ತು, ಸಲ್ಫಾ ಧೂಳು ಇರಲಿಲ್ಲ. ನನ್ನ ಪರೀಕ್ಷೆಯ ವಾರ ಸಲ್ಫಾ ಭರದಿಂದ ನಡೆದಿತ್ತು. ಆ ಧೂಳು ಉಸಿರಲ್ಲಿ, ಬೀಡಿಯಲ್ಲಿ, ಬುತ್ತಿಯ ಮುದ್ದೆಯಲ್ಲಿ ಅವರೊಳಗೆ ಹೋಗಿತ್ತು. ಮಾತ್ರೆ ಕೊಡದೆ ಉಳಿಸಿಕೊಂಡದ್ದನ್ನು ಧೂಳು ತುಂಬಿಕೊಟ್ಟಿತ್ತು. ನಾನು ಎರಡನ್ನೂ ಕೂಡಿಸಿ ಮಾತ್ರೆಯ ಹೆಸರಿಗೆ ಬರೆದಿದ್ದೆ.

ಬೆರೆಸುವ ಕೋಣೆಗೆ ಎಂದೂ ಕಾಲಿಡದವರನ್ನು ಹುಡುಕಿದೆ. ಟೈಪಿಸ್ಟ್, ವಾಚ್‌ಮನ್, ಇಬ್ಬರು ಗುಮಾಸ್ತರು, ಒಬ್ಬ ಡ್ರೈವರ್, ಆರನೆಯವಳು ನಾನು. ಎಲ್ಲರಿಗೂ ಇರುವ ವಿಷಯ ಬಿಚ್ಚಿ ಹೇಳಿದೆ. ಬೇಡ ಎನ್ನಬಹುದು ಎಂದೂ ಹೇಳಿದೆ. ವಾಚ್‌ಮನ್, "ಗೇಟಲ್ಲಿ ಎಲ್ಲರ ಚೀಲ ನೋಡ್ತೀನಿ, ಈಗ ನನ್ನ ಚೀಲ ಯಾರು ನೋಡ್ತಾರೆ?" ಎಂದ. ಪ್ರತಿಯೊಬ್ಬರ ಸೊನ್ನೆಯೂ ಅವರವರದೇ. ನನ್ನ ಬಾಟಲಿಗಳನ್ನು ನಾನೇ ಬಸ್ಸಿನಲ್ಲಿ ತಂದೆ. ಮೂರು ದಿನದ ಮೇಲೆ ಉತ್ತರ ಸಿಕ್ಕಿತು. ಆರು ಜನರಲ್ಲೂ ನುಂಗಿದ್ದರ ಅರ್ಧದಷ್ಟು ಮಾತ್ರ ರಕ್ತಕ್ಕೆ ಸೇರಿತ್ತು.

ವರ್ಕ್ಸ್ ಮ್ಯಾನೇಜರ್ ಕೋಣೆಯಲ್ಲಿ ನಡೆದದ್ದನ್ನು ನೆನಪಿದ್ದಷ್ಟು ಹಾಗೆಯೇ ಬರೆಯುತ್ತೇನೆ. ಸದಾಶಿವಯ್ಯನವರೂ ಇದ್ದರು.

"ಮಾತ್ರೆಯಲ್ಲಿ ಔಷಧ ಇದೆಯೇನ್ರೀ?" ಎಂದರು ಮ್ಯಾನೇಜರ್.

"ಇದೆ ಸಾರ್."

"ಪೂರ್ತಿ?"

"ಪೂರ್ತಿ."

"ಮತ್ತೇನು ನಿಮ್ಮ ತಕರಾರು?"

"ಅರ್ಧ ಒಳಗೆ ಹೋಗ್ತಿಲ್ಲ. ಪ್ರತಿ ಡಬ್ಬಿ ಜೊತೆ ಒಂದೊಂದು ಕಲ್ವ ಕಳಿಸೋದಾದ್ರೆ ನನ್ನ ತಕರಾರಿಲ್ಲ."

"ಈ ಉಚ್ಚೆ ಪರೀಕ್ಷೆ ಮಾಡಿ ಅಂತ ಕಾನೂನು ಹೇಳುತ್ತಾ?"

"ಇಲ್ಲ."

"ಹಾಗಾದ್ರೆ ಮೊದಲನೇ ವರದೀನೂ ಬೇಕಿರ್ಲಿಲ್ಲ, ಎರಡನೇದೂ ಬೇಕಿಲ್ಲ. ಎರಡನ್ನೂ ಹರಿದು ಹಾಕಿ. ನಿಮ್ಮ ತಪ್ಪೂ ಹೋಯ್ತು, ನಮ್ಮ ತಲೆನೋವೂ ಹೋಯ್ತು. ನಿಮಗೆ ಒಳ್ಳೇದಕ್ಕೇ ಹೇಳ್ತಿದ್ದೀನಿ ಕಣಮ್ಮ."

ನಿಜ ಹೇಳುತ್ತೇನೆ, ಅರೆಗಳಿಗೆ ಆಸೆಯಾಯಿತು. ಹರಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಜಬೀನ್ ಕುಂಟುತ್ತ ನಮ್ಮ ಮನೆಯ ಮೆಟ್ಟಿಲು ಇಳಿದದ್ದು ಕಣ್ಣಿಗೆ ಬಂತು. ಮಾತ್ರೆ ನುಂಗದ ಮುನಿಯಪ್ಪನವರನ್ನು ನಾನು ನಂಬಿದ್ದೆ. ದಿನಾ ನುಂಗಿದ ಹುಡುಗಿಯನ್ನು ನಂಬಿರಲಿಲ್ಲ.

"ತಪ್ಪು ನನ್ನದು ಸಾರ್" ಎಂದೆ. "ಅದನ್ನ ಹರಿಯೋಕೆ ನಾನು ಯಾರಿಗೂ ಕೊಡಲ್ಲ." ಅವರ ಮೇಜಿನ ಮೇಲಿದ್ದ ಕೆಂಪು ಪೆನ್ನನ್ನೇ ತೆಗೆದುಕೊಂಡು, ನನ್ನ ಮೊದಲ ವರದಿಯ ಮೇಲೆ ಒಂದು ಗೆರೆ ಎಳೆದೆ. ಕೆಳಗಿನದು ಓದುವ ಹಾಗೆಯೇ ಇತ್ತು. "ಈ ವರದಿ ತಪ್ಪು. ಸೊನ್ನೆಯನ್ನು ತಪ್ಪಾಗಿ ಆರಿಸಿದವಳು ನಾನು" ಎಂದು ಬರೆದು ಸಹಿ ಹಾಕಿದೆ. ಬೆರೆಸುವ ಕೋಣೆಯವರ ಮೈಯಲ್ಲಿ ಔಷಧ ತುಂಬಿದೆ, ಅವರನ್ನು ಡಾಕ್ಟರಿಗೆ ತೋರಿಸಬೇಕು ಎಂದೂ ಬರೆದೆ. ಅಕ್ಷರ ಸೊಟ್ಟಗಾದವು. "ಇನ್ನು ಈ ಮಾತ್ರೆಯ ಯಾವ ಬ್ಯಾಚಿಗೂ ನನ್ನ ಸಹಿ ಇಲ್ಲ."

"ನಿಮ್ಮ ಸಹಿ ಇಲ್ದಿದ್ರೆ ಸದಾಶಿವಯ್ಯನವರ ಸಹಿ ಸಾಕು" ಎಂದರು ಮ್ಯಾನೇಜರ್.

ಸದಾಶಿವಯ್ಯ ನನ್ನ ಕಡೆ ತಿರುಗಿದರು. "ಎರಡನೇ ಪರೀಕ್ಷೆಯಲ್ಲಿ ಸೊನ್ನೆ ಯಾರದು?"

"ಅವರವರದೇ ಸಾರ್."

"ಇದನ್ನ ನಾನು ಮೊದಲನೇ ಸಲವೇ ಕೇಳ್ಬೇಕಾಗಿತ್ತು" ಎಂದು, ನನ್ನ ಸೊಟ್ಟ ಅಕ್ಷರಗಳ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

ಆ ಮಾತ್ರೆ ಅಂದಿಗೆ ನಿಂತಿತು. ಕಡಿಮೆ ಬಿಗಿಯಾಗಿ ಒತ್ತುವ ಹಳೆಯ ವಿಧಾನ ವಾಪಸು ಬಂತು. ಕೆಲಸಗಾರರಿಗೆ ಮುಖಕ್ಕೆ ಬಟ್ಟೆ ಕೊಟ್ಟರು. ಅದಕ್ಕಿಂತ ಹೆಚ್ಚು ಕೊಡಿಸಲು ನನ್ನಿಂದ ಆಗಲಿಲ್ಲ. ನನ್ನನ್ನು ಪ್ಯಾಕಿಂಗ್ ಸಾಮಗ್ರಿಯ ಪರೀಕ್ಷೆಗೆ ಹಾಕಿದರು. ಎಷ್ಟೋ ವರ್ಷ ರಟ್ಟಿನ ದಪ್ಪ ಅಳೆದೆ. ರಟ್ಟನ್ನೂ ಸರಿಯಾಗಿಯೇ ಅಳೆದೆ. ಎಂಬತ್ತರ ದಶಕದಲ್ಲಿ, ಮಾತ್ರೆ ಎಷ್ಟು ಹೊತ್ತಿನಲ್ಲಿ ಎಷ್ಟು ಕರಗುತ್ತದೆ ಎಂದು ಅಳೆಯುವ ಯಂತ್ರ ಬಂದಾಗ, ಅದನ್ನು ನಡೆಸಲು ಮತ್ತೆ ನನ್ನನ್ನೇ ಕರೆದರು. ಈಗ ನೀವು ರಕ್ತದಲ್ಲೇ ಗಂಟೆ ಗಂಟೆಗೆ ಅಳೆದು ಗೆರೆ ಎಳೆಯುತ್ತೀರಿ. ಯಂತ್ರ ಎಷ್ಟು ಜಾಣವಾದರೂ ಸೊನ್ನೆಯನ್ನು ಆರಿಸುವವರು ನೀವೇ.

ವರದಿಯ ಮೇಲೆ ಗೆರೆ ಎಳೆದ ಆ ದಿನದ ಸಂಜೆಯ ವಿಷಯ ಇನ್ನೂ ಹೇಳಿಲ್ಲ. ಅಂಗಡಿಗಳಿಗೆ ಹೋದ ಮಾತ್ರೆಗಳನ್ನು ವಾಪಸು ಕರೆಸಲು ಮ್ಯಾನೇಜರ್ ಒಪ್ಪಿರಲಿಲ್ಲ. "ಹೊರಗೆ ಒಬ್ಬರಿಗೂ ಹೇಳಕೂಡದು" ಎಂದಿದ್ದರು. ನಾನು ಬಸ್ಸಿಳಿದು ನೇರ ರಶೀದ್ ಭಾಯ್ ಅಂಗಡಿಗೆ ಹೋದೆ. ಜಬೀನ್ ಗಲ್ಲಾದ ಹಿಂದೆ ಸ್ಟೂಲಿನ ಮೇಲೆ ಕಾಲು ನೀಡಿ ಕೂತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಧೂಳು, ಮುನಿಯಪ್ಪ, ನನ್ನ ಸೊನ್ನೆ, ಅರ್ಧ ಮಾತ್ರೆ.

ರಶೀದ್ ಭಾಯ್ ಎದ್ದು ಕಪಾಟಿನಿಂದ ನಮ್ಮ ಮಾತ್ರೆಯ ಡಬ್ಬಿಗಳನ್ನೆಲ್ಲ ತೆಗೆದು ಕೆಳಗಿಟ್ಟರು. ಬೇರೆ ಕಂಪನಿಯ ಒಂದು ಡಬ್ಬಿ ತೆಗೆದು ಮಗಳ ಮುಂದಿಟ್ಟರು.

"ನಾಳೆ ಡಾಕ್ಟರ ಹತ್ರ ನಾನೂ ಬರ್ತೀನಿ" ಎಂದೆ.

"ಬನ್ನಿ ಆಂಟಿ. ಆದರೆ ಮೊದಲು ಬರೆದುಕೊಡಿ" ಎಂದಳು ಜಬೀನ್.

"ಏನಂತ?"

"ನಾನು ದಿನಾ ಮಾತ್ರೆ ತಗೊಂಡಿದ್ದೆ ಅಂತ. ಅವರ ಚೀಟೀಲಿ ತಗೊಂಡಿಲ್ಲ ಅಂತ ಇದೆ. ನನ್ನ ಎದೆ ಶಬ್ದ ಹೋಗಲ್ವಂತೆ. ಆ ಮಾತಾದ್ರೂ ಹೋಗ್ಲಿ."

ನನಗೆ ಹಳೆಯ ಅಭ್ಯಾಸ ಅಡ್ಡ ಬಂತು. "ನೋಡಮ್ಮ, ನೀನು ದಿನಾ ನುಂಗಿದ್ದನ್ನ ನಾನು ಕಣ್ಣಾರೆ ನೋಡಿಲ್ಲ. ನೋಡದ್ದನ್ನ ಹೇಗೆ ಬರೆಯೋದು?"

"ಆ ಮುನಿಯಪ್ಪನವರು ನುಂಗಿದ್ದನ್ನ ನೋಡಿದ್ರಾ?" ಎಂದಳು. "ಬರೆದ್ರಲ್ಲ."

ರಶೀದ್ ಭಾಯ್ ಅಂಗಡಿಯ ಬಿಲ್ಲಿನ ಪುಸ್ತಕದಿಂದ ಒಂದು ಹಾಳೆ ಹರಿದು, ಹಿಂಬದಿ ಮೇಲೆ ಮಾಡಿ, ನನ್ನ ಮುಂದೆ ಇಟ್ಟರು. ನಾನು ಬರೆದೆ: "ಈ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿದರೂ ಅರ್ಧ ಔಷಧ ಮಾತ್ರ ರಕ್ತಕ್ಕೆ ಸೇರುತ್ತಿತ್ತು. ಇದನ್ನು ನಾನು ಅಳೆದಿದ್ದೇನೆ. ದಿನವೂ ತಪ್ಪದೆ ನುಂಗಿದ್ದೇನೆ ಎಂದು ಜಬೀನ್ ಹೇಳುತ್ತಾಳೆ. ನಾನು ಅವಳನ್ನು ಅನುಮಾನಿಸಿದ್ದೆ, ಅದು ತಪ್ಪು. ಅವಳ ಮಾತನ್ನು ನಂಬುತ್ತೇನೆ." ಕೆಳಗೆ ನನ್ನ ಹೆಸರು, ಹುದ್ದೆ, ಕಾರ್ಖಾನೆಯ ಹೆಸರು, ಸಹಿ.

ಜಬೀನ್ ಎರಡು ಸಲ ಓದಿದಳು. ಆಮೇಲೆ ಹಾಳೆಯನ್ನು ಅಪ್ಪನ ಕೈಗೆ ಕೊಟ್ಟಳು.

"ಅಬ್ಬಾಜಾನ್, ಜೋರಾಗಿ ಓದಿ."

ಅಂಗಡಿಯ ಮುಂದೆ ಆಗ ಮೂವರು ಗಿರಾಕಿಗಳು ನಿಂತಿದ್ದರು. ರಶೀದ್ ಭಾಯ್ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸುತ್ತ, ನನ್ನ ಸಹಿಯವರೆಗೂ ಓದಿದರು.